ಸೋದರಮಾವ ಕೊಟ್ಟ ಫೋನ್ ವಾಪಸ್ ಕೊಡಬಹುದಾ? ಮಗ ಓದಲು ಕೂರುತ್ತಿಲ್ಲ

ಗಾಂಧಿನಗರ ಅಪ್ಪ
ನಾವು ಬಳ್ಳಾರಿಯವರು. ಮಗ ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾದ. ಈಗ ಪಿಯುಸಿ ಸೈನ್ಸ್. ನೀಟ್ ಬರೆಯಬೇಕು ಅನ್ನುವುದು ಅವನದೇ ಆಸೆ. ಪಾಸಾದ ಖುಷಿಗೆ ಅವನ ಸೋದರಮಾವ, ಅಂದರೆ ನನ್ನ ಹೆಂಡತಿಯ ಅಣ್ಣ, ರಾಯಚೂರಿನಿಂದ ಬಂದು 28 ಸಾವಿರದ ಫೋನ್ ಕೊಟ್ಟರು. ಮನೆ ತುಂಬ ಜನ ಇದ್ದರು, ಎಲ್ಲರ ಮುಂದೆಯೇ ಕೊಟ್ಟರು. ಅವತ್ತಿನಿಂದ ಹುಡುಗ ಪುಸ್ತಕ ಹಿಡಿದು ಅರ್ಧ ಗಂಟೆ ಕೂರುವುದಿಲ್ಲ. ಒಂದು ಪುಟ ಓದುತ್ತಾನೆ, ಕೈ ಫೋನಿಗೆ ಹೋಗುತ್ತದೆ. ವಾಪಸ್ ಕೊಟ್ಟುಬಿಡೋಣ ಅಂದರೆ ಹೆಂಡತಿ ಕಣ್ಣೀರು ಹಾಕುತ್ತಾಳೆ, ನಮ್ಮಣ್ಣನಿಗೆ ಅವಮಾನ ಅನ್ನುತ್ತಾಳೆ. ಏಕಾಗ್ರತೆ ಬರಲು ಏನು ಮಾಡಬೇಕು? ವಾಪಸ್ ಕೊಟ್ಟರೆ ನಿಜವಾಗಿಯೂ ಅಷ್ಟು ತಪ್ಪಾ? ಅನುಭವ ಇದ್ದವರು ಹೇಳಿ.

ಮಾನ್ವಿ ಮೇಷ್ಟ್ರು
ಇದರಲ್ಲಿ ಯೋಚನೆ ಮಾಡುವುದೇನಿದೆ ಸರ್? ವಾಪಸ್ ಕೊಡಿ. ಪಿಯು ಹುಡುಗರಿಗೆ ಪಾಠ ಮಾಡುವವನು ನಾನು. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಕೆಲವರಿಗೆ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಡಲು ಹೇಳಿದರು. ಕೆಲವರಿಗೆ ಜೇಬಿನಲ್ಲೋ ಚೀಲದಲ್ಲೋ ಇಡಲು ಹೇಳಿದರು. ಉಳಿದವರು ಬೇರೆ ಕೋಣೆಯಲ್ಲಿ ಬಿಟ್ಟು ಬಂದರು. ಎಲ್ಲರ ಫೋನೂ ಸೈಲೆಂಟ್. ಆಮೇಲೆ ಗಮನ ಬೇಡುವ ಪರೀಕ್ಷೆ ಕೊಟ್ಟರು. ಬೇರೆ ಕೋಣೆಯಲ್ಲಿ ಬಿಟ್ಟವರು ಮೇಜಿನ ಮೇಲೆ ಇಟ್ಟವರಿಗಿಂತ ಚೆನ್ನಾಗಿ ಮಾಡಿದರು. ಅಂದರೆ ಫೋನ್ ಮುಟ್ಟಲೇಬೇಕು ಅಂತಿಲ್ಲ, ಪಕ್ಕದಲ್ಲಿ ಇದ್ದರೇ ಸಾಕು, ಅದನ್ನು ನೋಡಬಾರದು ಅಂತ ತಡೆಯುವುದರಲ್ಲೇ ತಲೆಯ ಒಂದು ಪಾಲು ಹೋಗುತ್ತದೆ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕೆಳಗಿನ ಸಾಲಿನಲ್ಲೇ ಜಾಸ್ತಿ ಕಾಣುತ್ತವೆ. ಅಂಥ ಕಡೆ ಒಬ್ಬ ಹುಡುಗ ಮೇಲೆ ಬಂದಿದ್ದಾನೆ, ಅವನನ್ನು ಕಾಪಾಡಿಕೊಳ್ಳಿ. ಮಗನ ಓದಿಗಿಂತ ಮಾವನ ಮುಖ ದೊಡ್ಡದಲ್ಲ.

ಕುಷ್ಟಗಿ ಅಕ್ಕ
"ಮಾವನ ಮುಖ ದೊಡ್ಡದಲ್ಲ" ಅಂತ ಎಷ್ಟು ಸಲೀಸಾಗಿ ಬರೆದಿರಿ ಮೇಷ್ಟ್ರೇ. ಅದು ಮಾವನ ಮುಖ ಅಲ್ಲ, ಆ ಹುಡುಗನ ತಾಯಿಯ ಮುಖ. ಅಣ್ಣ ತಂಗಿಯ ಮನೆಗೆ ಬಂದು ಅವಳ ಗಂಡನ ಕಡೆಯವರೆಲ್ಲ ಇರುವಾಗ ಕೊಟ್ಟಿದ್ದಾನೆ. ನನ್ನ ತಂಗಿಗೆ ಹಿಂದೆ ಮುಂದೆ ಜನ ಇದ್ದಾರೆ ಅಂತ ತೋರಿಸಿ ಹೋಗಿದ್ದಾನೆ. ಪಂಚಮಿಗೆ ತವರಿನಿಂದ ಉಂಡಿ ಬರುತ್ತದೆ, ಕುಬಸಕ್ಕೆ ಸೀರೆ ಬರುತ್ತದೆ. ಉಂಡಿ ನಾವು ಮಾಡಿಕೊಳ್ಳಲು ಬರುವುದಿಲ್ಲವಾ? ಬರುತ್ತದೆ. ಆದರೂ ದಾರಿ ನೋಡುತ್ತೇವೆ. ಅದನ್ನು ವಾಪಸ್ ಕಳಿಸಿ ಅನ್ನುವವರು ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿ ಹೇಳಬೇಕಿತ್ತು.

ತೋರಣಗಲ್ಲು ಶಿಫ್ಟ್
ಮೇಷ್ಟ್ರು ಹೇಳಿದ ಪ್ರಯೋಗ ನಾನೂ ಓದಿದ್ದೇನೆ. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಬರಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ. ನಾನು ಕಂಟ್ರೋಲ್ ರೂಮಿನಲ್ಲಿ ಕೂತು ಪ್ಯಾನೆಲ್ ನೋಡುವ ಕೆಲಸದವನು. ಒಳಗೆ ಫೋನ್ ಬಿಡುವುದೇ ಇಲ್ಲ. ಆದರೂ ಗಮನ ಹಾರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ನೋಡುವವರು ಯಾಕೆ ಗುರುತು ತಪ್ಪಿಸುತ್ತಾರೆ ಅಂತ ಇಂಗ್ಲೆಂಡಿನ ಮ್ಯಾಕ್‌ವರ್ತ್ ಪರೀಕ್ಷೆ ಮಾಡಿ 1948ರಲ್ಲಿ ಪ್ರಕಟಿಸಿದ. ಗಡಿಯಾರದಂಥ ಒಂದು ಮುಳ್ಳು, ಆಗಾಗ ಎರಡು ಹೆಜ್ಜೆ ಒಟ್ಟಿಗೆ ಹಾರುತ್ತದೆ, ಅದನ್ನು ಹಿಡಿಯಬೇಕು. ಮೊದಲ ಅರ್ಧ ಗಂಟೆಯಲ್ಲೇ ತಪ್ಪು ಹೆಚ್ಚಾಗುತ್ತಾ ಹೋಯಿತು. ಆಗ ಯಾವ ಮೊಬೈಲ್ ಇತ್ತು? ಅರ್ಧ ಗಂಟೆಗೆ ಗಮನ ಸಡಿಲ ಆಗುವುದು ಮನುಷ್ಯನ ಸ್ವಭಾವ. ಹುಡುಗನನ್ನು ಬೈಯಬೇಡಿ. 25 ನಿಮಿಷ ಓದು, 5 ನಿಮಿಷ ಬಿಡುವು ಕೊಡಿ. 1980ರ ದಶಕದ ಕೊನೆಯಲ್ಲಿ ಇಟಲಿಯ ಒಬ್ಬ ವಿದ್ಯಾರ್ಥಿ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಶುರು ಮಾಡಿದ ಪದ್ಧತಿ ಇದು. ಇವತ್ತಿಗೂ ನಡೆಯುತ್ತಿದೆ.

ಮಾನ್ವಿ ಮೇಷ್ಟ್ರು
"ಅರ್ಧ ಗಂಟೆಗೆ ಗಮನ ಸಡಿಲ ಆಗುವುದು ಸ್ವಭಾವ" ಅಂತ ಪೋಷಕರಿಗೆ ಹೇಳಿ ಸಮಾಧಾನ ಮಾಡಬೇಡಿ ಸರ್. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ. ಮಧ್ಯೆ ಬಿಡುವು ಯಾರು ಕೊಡುತ್ತಾರೆ? ಮ್ಯಾಕ್‌ವರ್ತ್ ಪರೀಕ್ಷೆ ಮಾಡಿದ್ದು ಸುಮ್ನೆ ನೋಡುತ್ತಾ ಕೂರುವ ಕೆಲಸದ ಮೇಲೆ. ಲೆಕ್ಕ ಬಿಡಿಸುವುದು ನೋಡುತ್ತಾ ಕೂರುವ ಕೆಲಸವಾ? ನಮ್ಮಲ್ಲಿ ಅಷ್ಟಾವಧಾನ ಅಂತ ಇದೆ. ಎಂಟು ಜನ ಸುತ್ತ ಕೂತು ಎಂಟು ತರಹದ ಪ್ರಶ್ನೆ ಹಾಕುತ್ತಾರೆ. ಅಪ್ರಸ್ತುತ ಪ್ರಸಂಗಿ ಅಂತ ಒಬ್ಬ ಇರುತ್ತಾನೆ, ನಡುನಡುವೆ ಏನೇನೋ ಮಾತಾಡಿ ಗಮನ ಕೆಡಿಸುವುದೇ ಅವನ ಕೆಲಸ. ಅವಧಾನಿ ಅವನಿಗೂ ಉತ್ತರ ಕೊಟ್ಟು, ಅರ್ಧಕ್ಕೆ ಬಿಟ್ಟ ಪದ್ಯವನ್ನು ಬಿಟ್ಟ ಕಡೆಯಿಂದಲೇ ಎತ್ತಿಕೊಳ್ಳುತ್ತಾನೆ. ಗಂಟೆಗಟ್ಟಲೆ. ಅದು ಅಭ್ಯಾಸ.

ಕೌಲ್‌ಬಜಾರ್ ಹುಡುಗ
ಸರ್, ನಿಮ್ಮ ಮಾತಿನಲ್ಲೇ ಇದೆ ನೋಡಿ. ಅವಧಾನಿಯ ಮುಂದಿನಿಂದ ಆ ಮಾತಾಡುವವನನ್ನು ಎಬ್ಬಿಸಿ ಕಳಿಸುವುದಿಲ್ಲ, ಅಲ್ವಾ? ಅವನನ್ನು ಎದುರಿಗೆ ಇಟ್ಟುಕೊಂಡೇ ಕಲಿಯುತ್ತಾರೆ. ಹಾಗಾದರೆ ಫೋನ್ ಯಾಕೆ ವಾಪಸ್? ನಾನು ಸೆಕೆಂಡ್ ಪಿಯು. ನಮ್ಮ ಕಾಲೇಜಿನ ನೋಟ್ಸ್, ಟೆಸ್ಟಿನ ದಿನ, ಕೀ ಉತ್ತರ ಎಲ್ಲ ವಾಟ್ಸಾಪ್‌ನಲ್ಲೇ ಬರುತ್ತದೆ. ಫೋನ್ ಇಲ್ಲದವರು ಇನ್ನೊಬ್ಬರ ಮನೆಗೆ ಹೋಗಿ ಬರೆದುಕೊಂಡು ಬರಬೇಕು. ಕೋಚಿಂಗಿಗೆ ಲಕ್ಷ ಕಟ್ಟಲು ಆಗದವರಿಗೆ ಯೂಟ್ಯೂಬೇ ಕೋಚಿಂಗ್. ಫೋನಿನಲ್ಲೇ ಫೋಕಸ್ ಮೋಡ್ ಇದೆ, ಒಂದೊಂದು ಆ್ಯಪ್‌ಗೂ ದಿನಕ್ಕೆ ಇಷ್ಟೇ ನಿಮಿಷ ಅಂತ ಕಟ್ಟು ಹಾಕಬಹುದು. ಮೇಲಾಗಿ ಅದು ಗಿಫ್ಟ್. ಕೊಟ್ಟದ್ದು ಹುಡುಗನಿಗೆ, ಈಗ ಅದು ಅವನದು. ಅಪ್ಪ ವಾಪಸ್ ಕೊಡುವುದು ಹೇಗೆ?

ಸಿಂಧನೂರು ರೈತ
ತಮ್ಮಾ, "ಗಿಫ್ಟ್, ಅವನದು" ಅಂದೆಯಲ್ಲ, ನಿನಗೆ ಇನ್ನೂ ಲೋಕ ಗೊತ್ತಿಲ್ಲ. ನಮ್ಮ ಕಡೆ ಉಡುಗೊರೆ ಅಂದರೆ ಸಾಲ. ಬಡ್ಡಿ ಬರೆಯುವುದಿಲ್ಲ ಅಷ್ಟೇ. ಮದುವೆ ಮನೆಯ ಬಾಗಿಲಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ಕೂತಿರುತ್ತಾನೆ. ಯಾರ ಮುಯ್ಯಿ ಎಷ್ಟು, ಯಾರ ಆಯೇರಿ ಏನು, ಎಲ್ಲ ಬರೆಯುತ್ತಾನೆ. ಆ ನೋಟ್‌ಬುಕ್ಕನ್ನು ಹೊಲದ ಕಾಗದದ ಜತೆ ಟ್ರಂಕಿನಲ್ಲಿ ಇಡುತ್ತಾರೆ. ಅವರ ಮನೆಯಲ್ಲಿ ಮದುವೆ ಬಂದಾಗ ತೆಗೆದು ನೋಡಿ ಅದಕ್ಕಿಂತ ಸ್ವಲ್ಪ ಜಾಸ್ತಿ ಹಾಕಬೇಕು. ಇವತ್ತು 28 ಸಾವಿರದ ಫೋನ್ ಬಂತು. ನಾಳೆ ಆ ಮಾವನ ಮಗಳ ಮದುವೆಗೆ ಈ ಅಪ್ಪ ಎಷ್ಟು ತರಬೇಕು? ಅದನ್ನು ಯಾರಾದರೂ ಕೇಳಿದಿರಾ? ನನ್ನ ಮಾತು ಕೇಳಿದರೆ ಓದು ಗೀದು ಆಮೇಲೆ, ಆ ಭಾರ ಇಳಿಸಿಕೊಳ್ಳಲಿಕ್ಕಾದರೂ ವಾಪಸ್ ಕೊಡಿ.

ಕುಷ್ಟಗಿ ಅಕ್ಕ
ಸಾಲ? ಅಣ್ಣ ತಂಗಿಗೆ ಕೊಟ್ಟದ್ದು ಸಾಲವಾ? ಯಾವ ಬಾಯಲ್ಲಿ ಅಂದಿರಿ ಅಣ್ಣಾ ಇದನ್ನು? ಪುಸ್ತಕದಲ್ಲಿ ಬರೆಯುವುದು ಯಾಕೆ ಗೊತ್ತಾ? ಮರೆಯಬಾರದು ಅಂತ. ನಮ್ಮ ಕಷ್ಟಕ್ಕೆ, ಸುಖಕ್ಕೆ ಯಾರು ಬಂದು ನಿಂತರು ಅಂತ ಮಕ್ಕಳಿಗೆ ಗೊತ್ತಿರಬೇಕು. ನಮ್ಮ ಅವ್ವನ ಮದುವೆಯ ಪುಸ್ತಕ ಇವತ್ತಿಗೂ ಇದೆ. ಅದರಲ್ಲಿ ಒಂದು ಸೇರು ಜೋಳ ತಂದವರ ಹೆಸರೂ ಇದೆ, ಒಂದು ರೂಪಾಯಿ ಹಾಕಿದವರ ಹೆಸರೂ ಇದೆ. ಅವರನ್ನೆಲ್ಲ ಸಾಲಗಾರರು ಅಂತ ನಾವು ಯಾವತ್ತೂ ಕಂಡಿಲ್ಲ.

ಸಿಂಧನೂರು ರೈತ
ಒಂದು ರೂಪಾಯಿ ಹಾಕಿದವರ ಹೆಸರು ಬರೆದಿದ್ದೀರಿ ಅಂತ ನೀವೇ ಹೇಳಿದಿರಿ ಅಕ್ಕ. ಮರೆಯಬಾರದು ಅಂದರೆ ಹೆಸರು ಸಾಕಿತ್ತು. ಒಂದು ರೂಪಾಯಿ ಅಂತ ಯಾಕೆ ಬರೆದಿರಿ?

ರಾಯಚೂರು ವಕೀಲ
ಬರೆಯಬೇಕು ಅಂತ ಕಾನೂನೇ ಹೇಳುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರಲ್ಲಿ ನಿಯಮ ಬಂದಿದೆ. ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಯ ಪಟ್ಟಿ ವಧು ಇಡಬೇಕು, ವರನಿಗೆ ಬಂದದ್ದರ ಪಟ್ಟಿ ವರ ಇಡಬೇಕು. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಸಂಬಂಧಿಕರಾದರೆ ಏನಾಗಬೇಕು, ಎಲ್ಲ ಬರೆದು ಇಬ್ಬರೂ ಸಹಿ ಹಾಕಬೇಕು. ಆದ್ದರಿಂದ ಬೆಲೆ ಬರೆಯುವುದು ತಪ್ಪಲ್ಲ. ಇನ್ನು ಸಾಲದ ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಮು ನೋಡಿ. ತಾನಾಗಿ, ಪ್ರತಿಫಲ ಇಲ್ಲದೆ ಕೊಟ್ಟು, ಪಡೆಯುವವರು ಒಪ್ಪಿಕೊಂಡರೆ ಅದು ದಾನ. ಮುಯ್ಯಿ ವಾಪಸ್ ಬರಲಿಲ್ಲ ಅಂತ ಯಾವ ಕೋರ್ಟಿನಲ್ಲೂ ದಾವೆ ನಿಲ್ಲುವುದಿಲ್ಲ. ದಾವೆ ನಿಲ್ಲದ್ದು ಸಾಲ ಆಗುವುದಿಲ್ಲ.

ಸಿಂಧನೂರು ರೈತ
ವಕೀಲರೇ, ದಾವೆ ಹಾಕುವುದಿಲ್ಲ. ಮಾತು ಬಿಡುತ್ತಾರೆ. ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲ ನಮ್ಮದು. ನೀರು ಬಾರದ ಒಂದು ವರ್ಷ ಭತ್ತ ಕೈಗೆ ಬರಲಿಲ್ಲ. ಆ ವರ್ಷವೇ ಹತ್ತಿರದ ಸಂಬಂಧಿಕರ ಮನೆಯಲ್ಲಿ ಮದುವೆ. ಅವರು ನಮಗೆ ಹಾಕಿದ್ದಷ್ಟು ಹಾಕಲು ನಮ್ಮಿಂದ ಆಗಲಿಲ್ಲ. ಊಟಕ್ಕೆ ಕೂತಾಗ ಯಾರೂ ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ಅವರ ಮನೆಯ ಯಾವ ಕಾರ್ಯಕ್ಕೂ ಚೀಟಿ ಬಂದಿಲ್ಲ. ಕೋರ್ಟಿನಲ್ಲಿ ಸಾಲ ತೀರಿಸಿದರೆ ರಸೀದಿಯಾದರೂ ಸಿಗುತ್ತದೆ. ಇದಕ್ಕೆ ಯಾವ ಕಲಮು ಇದೆ ಹೇಳಿ.

ಗಂಗಾವತಿ ಸಮಾಜಶಾಸ್ತ್ರ
ರೈತರು ಹೇಳಿದ್ದಕ್ಕೆ ಕಲಮು ಇಲ್ಲ, ಶಾಸ್ತ್ರ ಇದೆ. ಫ್ರಾನ್ಸಿನ ಮಾರ್ಸೆಲ್ ಮಾಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದದ್ದನ್ನು ನಾವು ಕಾಲೇಜಿನಲ್ಲಿ ಈಗಲೂ ಪಾಠ ಮಾಡುತ್ತೇವೆ. ಉಡುಗೊರೆಯಲ್ಲಿ ಮೂರು ಕಟ್ಟು ಇರುತ್ತವೆ: ಕೊಡಲೇಬೇಕು, ತೆಗೆದುಕೊಳ್ಳಲೇಬೇಕು, ತಿರುಗಿ ಕೊಡಲೇಬೇಕು. ತೆಗೆದುಕೊಳ್ಳುವುದಿಲ್ಲ ಅಂದರೆ ಸಂಬಂಧ ಬೇಡ ಅಂದಂತೆ. ಆದ್ದರಿಂದ ಫೋನ್ ವಾಪಸ್ ಕೊಡುವುದು ಬರೀ ಒಂದು ವಸ್ತು ವಾಪಸ್ ಕೊಡುವುದಲ್ಲ. ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳಲ್ಲಿ ಪಾಟ್‌ಲ್ಯಾಚ್ ಅಂತ ಒಂದು ಔತಣ ಇತ್ತು. ಹೆಚ್ಚು ಕೊಟ್ಟವನೇ ದೊಡ್ಡವನು. ಅಲ್ಲಿನ ಸರ್ಕಾರ 1885ರಿಂದ 1951ರವರೆಗೆ ಅದನ್ನು ಕಾನೂನಿನಿಂದಲೇ ನಿಷೇಧಿಸಿತ್ತು. ಜನ ಕದ್ದುಮುಚ್ಚಿ ನಡೆಸಿದರು. ಕೊಡುವುದನ್ನು ತಡೆದರೆ ಸಮಾಜವೇ ಬಿಚ್ಚಿಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಸಿಂಧನೂರು ರೈತ
"ತಿರುಗಿ ಕೊಡಲೇಬೇಕು." ನಾನು ಹೇಳಿದ್ದೂ ಅದೇ. ತಿರುಗಿ ಕೊಡಲೇಬೇಕಾದದ್ದು ಸಾಲ.

ಕುಷ್ಟಗಿ ಅಕ್ಕ
ಫ್ರಾನ್ಸಿನವರು ನಮ್ಮ ಮನೆಯ ಪುಸ್ತಕ ನೋಡಿದ್ದರಾ? ಅವರಿಗೆ ತವರು ಅಂದರೇನು ಗೊತ್ತು?

ಗಂಗಾವತಿ ಸಮಾಜಶಾಸ್ತ್ರ
ನೋಡಿದ್ದರು ಮೇಡಂ, ನಿಮ್ಮ ಮನೆಯದನ್ನಲ್ಲ. ಮಹಾಭಾರತದ ಅನುಶಾಸನ ಪರ್ವದ ದಾನಧರ್ಮವನ್ನು ಇಟ್ಟುಕೊಂಡೇ ಅವರು ಭಾರತದ ಭಾಗ ಬರೆದದ್ದು. ರೈತರಿಗೂ ಒಂದು ಮಾತು. ಸಾಲ ತೀರಿದರೆ ಇಬ್ಬರ ನಡುವೆ ಲೆಕ್ಕ ಮುಗಿಯಿತು. ಉಡುಗೊರೆ ತಿರುಗಿ ಕೊಟ್ಟರೆ ಲೆಕ್ಕ ಮುಗಿಯುವುದಿಲ್ಲ, ಮುಂದುವರಿಯುತ್ತದೆ. ನೀವೇ ಹೇಳಿದಿರಿ, ಸ್ವಲ್ಪ ಜಾಸ್ತಿ ಹಾಕುತ್ತೇವೆ ಅಂತ. ಸರಿಸಮ ಮಾಡಿ ಮುಗಿಸಬಾರದು ಅಂತಲೇ ಆ ಸ್ವಲ್ಪ ಜಾಸ್ತಿ.

ಸಿಂಧನೂರು ರೈತ
ಮುಗಿಯದ ಸಾಲ ಇನ್ನೂ ಕೆಟ್ಟದ್ದು ಸರ್. ಬ್ಯಾಂಕಿನದಾದರೂ ಒಂದು ದಿನ ತೀರುತ್ತದೆ.

ಭಾಗ್ಯನಗರ ನೇಕಾರ
ಎಲ್ಲರೂ ಪುಸ್ತಕ ಪುಸ್ತಕ ಅಂತೀರಿ. ಜನವರಿಯಲ್ಲಿ ನಮ್ಮ ಕೊಪ್ಪಳದ ಗವಿಮಠದ ಜಾತ್ರೆಗೆ ಬನ್ನಿ. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ಬರುತ್ತದೆ. ವಾರಗಟ್ಟಲೆ ಹೆಣ್ಣುಮಕ್ಕಳು ಓಣಿಯಲ್ಲಿ ಒಟ್ಟಿಗೆ ಕೂತು ತಟ್ಟಿರುತ್ತಾರೆ. ದಾಸೋಹದ ಮನೆಯಲ್ಲಿ ಒಟ್ಟಿದ ಮೇಲೆ ಯಾವ ರೊಟ್ಟಿ ಯಾವ ಮನೆಯದು ಅಂತ ಯಾರಿಗೂ ಗೊತ್ತಿಲ್ಲ. ತಿನ್ನುವವನಿಗೂ ಗೊತ್ತಿಲ್ಲ. ಅದು ಕೊಡುವುದು. ದಸರಾ ಹಬ್ಬದಲ್ಲಿ ಬನ್ನಿ ಮರದ ಎಲೆ ಕೊಡುತ್ತೇವೆ. ಬಡವನೂ ಎಲೆ ಕೊಡುತ್ತಾನೆ, ಸಾಹುಕಾರನೂ ಅದೇ ಎಲೆ ಕೊಡುತ್ತಾನೆ, ಬಂಗಾರದ ಹಾಗೆ ಇರೋಣ ಅನ್ನುತ್ತಾನೆ. ಇದನ್ನೆಲ್ಲ ಬಿಟ್ಟು 28 ಸಾವಿರದ ಫೋನಿಗೆ ಬಂದು ನಿಂತಿದ್ದೀರಿ. ನನ್ನ ಪ್ರಕಾರ ತಪ್ಪು ಆ ಮಾವನದೇ. ತಂಗಿಯ ಗಂಡ ತಿರುಗಿ ಕೊಡಲಾಗದಷ್ಟು ದೊಡ್ಡದನ್ನು ಎಲ್ಲರ ಮುಂದೆ ಕೊಡಬಾರದಿತ್ತು. ಕಿನ್ನಾಳದ ಒಂದು ಬೊಂಬೆಯನ್ನೋ ನಾಲ್ಕು ಪುಸ್ತಕವನ್ನೋ ಕೊಟ್ಟಿದ್ದರೆ ಹುಡುಗನೂ ಓದುತ್ತಿದ್ದ, ಮನೆಯೂ ಸುಮ್ಮನಿರುತ್ತಿತ್ತು.

ಕುಷ್ಟಗಿ ಅಕ್ಕ
ಮಾವನದು ತಪ್ಪು? ಪ್ರೀತಿಯಿಂದ ಕೊಟ್ಟವನದು ತಪ್ಪು? ಆ ರೊಟ್ಟಿ ನಾವೂ ತಟ್ಟಿ ಕಳಿಸುತ್ತೇವೆ ಅಣ್ಣಾ. ನಮ್ಮ ಊರಿನ ಟ್ರ್ಯಾಕ್ಟರಿಗೆ ತೋರಣ ಕಟ್ಟಿ, ಊರ ಹೆಸರು ಬರೆಸಿ, ಹಲಗೆ ಬಾರಿಸಿಕೊಂಡು ಹೋಗುತ್ತೇವೆ. ಯಾವ ಊರಿನಿಂದ ಬಂತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗಲಿ ಅಂತಲೇ ಹೋಗುತ್ತೇವೆ. ಅದರಲ್ಲಿ ಏನು ತಪ್ಪಿದೆ?

ಭಾಗ್ಯನಗರ ನೇಕಾರ
ಊರ ಹೆಸರು ಬೇರೆ, ಮನೆಯ ಹೆಸರು ಬೇರೆ.

ಸಿಂಧನೂರು ರೈತ
ಮಠಕ್ಕೆ ಕೊಡುವುದನ್ನು ಇಲ್ಲಿ ತರಬೇಡಿ. ಮಠ ನಿಮ್ಮ ಮಗಳ ಮದುವೆಗೆ ಮುಯ್ಯಿ ಹಾಕಲು ಬರುವುದಿಲ್ಲ.

ಭಾಗ್ಯನಗರ ನೇಕಾರ
ಮಠದ ವಿಷಯದಲ್ಲಿ ನಾಲಿಗೆ ಬಿಗಿ ಹಿಡಿದು ಮಾತಾಡಿ. ಆ ಮಠದ ಹಾಸ್ಟೆಲಿನಲ್ಲಿ ಉಂಡು, ಅಲ್ಲೇ ಇದ್ದು ಓದಿದ ಮಕ್ಕಳು ಎಷ್ಟು ಮನೆಯಲ್ಲಿ ಇದ್ದಾರೆ ಅಂತ ಕೊಪ್ಪಳಕ್ಕೆ ಬಂದು ಕೇಳಿ. ನಮ್ಮ ಮನೆಯಲ್ಲೇ ಇದ್ದಾರೆ. ತಿರುಗಿ ಬರುವುದು ಅಂದರೆ ಅದು. ನೋಟ್‌ಬುಕ್ಕಿನಲ್ಲಿ ಬರೆದರೆ ಮಾತ್ರ ತಿರುಗಿ ಬಂತು ಅನ್ನುವ ನಿಮ್ಮ ಲೆಕ್ಕ ನಿಮ್ಮ ಮನೆಯಲ್ಲೇ ಇರಲಿ.

ಸಿಂಧನೂರು ರೈತ
ನಾನು ಮಠಕ್ಕೆ ಏನೂ ಅನ್ನಲಿಲ್ಲ. ಓದಿ ನೋಡಿ. ಮುಯ್ಯಿಗೂ ಅದಕ್ಕೂ ಸಂಬಂಧ ಇಲ್ಲ ಅಂದೆ ಅಷ್ಟೇ.

ಗಾಂಧಿನಗರ ಅಪ್ಪ
ಎಲ್ಲರಿಗೂ ಕೈ ಮುಗಿಯುತ್ತೇನೆ. ಮಗನ ಓದಿನ ಬಗ್ಗೆ ಕೇಳಿದ್ದು. ದಯವಿಟ್ಟು ಅದಕ್ಕೆ ಬನ್ನಿ.

ಗಂಗಾವತಿ ನರ್ಸ್
ಅಣ್ಣಾ, ಹುಡುಗ ರಾತ್ರಿ ಎಷ್ಟು ಹೊತ್ತು ಮಲಗುತ್ತಾನೆ? ಯಾರೂ ಕೇಳಲಿಲ್ಲ. ಈ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಹಾಸಿಗೆಯಲ್ಲಿ ಫೋನ್ ನೋಡಿ, ಬೆಳಗ್ಗೆ ಕಾಲೇಜಿಗೆ ಅಂತ 6ಕ್ಕೆ ಎದ್ದರೆ ನಿದ್ದೆ ಎಲ್ಲಿ ಬಂತು? ನಿದ್ದೆ ಇಲ್ಲದವರಿಗೆ ಯಾವ ಟೈಮರ್ ಇಟ್ಟರೂ ತಲೆಗೆ ಹತ್ತುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಶೀಟಿನ ಕೋಣೆಯಲ್ಲಿ ಕೂತು ಓದು ಅಂದರೆ ದೊಡ್ಡವರಿಗೂ ಆಗುವುದಿಲ್ಲ. ಬೆಳಗಿನ ಜಾವ ಮಾಳಿಗೆ ಮೇಲೆ ಕೂರಿಸಿ. ನೀರಿನ ತಂಬಿಗೆ ಪಕ್ಕದಲ್ಲಿರಲಿ. ರಾತ್ರಿ ಫೋನ್ ನಿಮ್ಮ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಎರಡು ವಾರ ಮಾಡಿ ನೋಡಿ, ಆಮೇಲೆ ಉಳಿದದ್ದು ಮಾತಾಡೋಣ.

ತೋರಣಗಲ್ಲು ಶಿಫ್ಟ್
ಅಕ್ಕ ಹೇಳಿದ್ದು ಸರಿ, ನೈಟ್ ಶಿಫ್ಟ್ ಮಾಡುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ಸೇರಿಸುತ್ತೇನೆ. ಗ್ಲೋರಿಯಾ ಮಾರ್ಕ್ ಅಂತ ಕ್ಯಾಲಿಫೋರ್ನಿಯಾದ ಸಂಶೋಧಕಿ. ಜನ ಪರದೆಯ ಮೇಲೆ ಒಂದು ಕಡೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅಳೆದರು. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ. ಈಚಿನ ವರ್ಷಗಳಲ್ಲಿ 47 ಸೆಕೆಂಡ್. ಅವರು ಹೇಳುವ ಮುಖ್ಯ ಮಾತು ಇದು: ಗಮನ ಮುರಿಯುವುದರಲ್ಲಿ ಹೆಚ್ಚುಕಡಿಮೆ ಅರ್ಧ ನಾವೇ ಮುರಿದುಕೊಳ್ಳುವುದು, ಯಾವ ಗಂಟೆಯೂ ಬಾರಿಸಿರುವುದಿಲ್ಲ. ನೋಟಿಫಿಕೇಶನ್ ಬಂದ್ ಮಾಡಿದರೂ ಕೈ ತಾನಾಗಿ ಹೋಗುತ್ತದೆ.

ಮಾನ್ವಿ ಮೇಷ್ಟ್ರು
47 ಸೆಕೆಂಡ್! ಕೈ ತಾನಾಗಿ ಹೋಗುತ್ತದೆ! ನೀವೇ ಬರೆದಿರಿ. ಕೈ ತಾನಾಗಿ ಹೋಗುತ್ತದೆ ಅಂದ ಮೇಲೆ ಫೋನ್ ಮನೆಯಲ್ಲಿ ಇರಲೇಬಾರದು. ಫೋಕಸ್ ಮೋಡ್ ಹಾಕುವುದು ಆ ಹುಡುಗನೇ, ತೆಗೆಯುವುದೂ ಆ ಹುಡುಗನೇ. ಅದು ಬೀಗ ಹಾಕಿ ಕೀಲಿಯನ್ನು ಅವನ ಕೈಗೇ ಕೊಟ್ಟಂತೆ.

ಕೌಲ್‌ಬಜಾರ್ ಹುಡುಗ
ಪಾಸ್‌ವರ್ಡ್ ಅಪ್ಪ ಇಟ್ಟುಕೊಳ್ಳಬಹುದು ಸರ್. ಗೂಗಲ್ ಫ್ಯಾಮಿಲಿ ಲಿಂಕ್ ಅಂತ ಇದೆ, ಅಪ್ಪನ ಫೋನಿನಿಂದಲೇ ಮಗನ ಫೋನಿಗೆ ಹೊತ್ತು ಹಾಕಬಹುದು. ನೀವು ಎಲ್ಲದಕ್ಕೂ ವಾಪಸ್ ವಾಪಸ್ ಅಂತೀರಿ. ಮತ್ತೆ ರೈತ ಅಣ್ಣ ಹೇಳಿದ್ದಕ್ಕೂ ಒಂದು ಉತ್ತರ ಇದೆ. ಗಿಫ್ಟಿಗಿಂತ ದುಡ್ಡು ಕೊಡುವುದೇ ಒಳ್ಳೆಯದು. 1993ರಲ್ಲಿ ವಾಲ್ಡ್‌ಫೋಗಲ್ ಅನ್ನುವ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿದ. ಕ್ರಿಸ್‌ಮಸ್ ಉಡುಗೊರೆ ಪಡೆದವರಿಗೆ ಆ ವಸ್ತು ಅದರ ಬೆಲೆಯಷ್ಟು ಬಾಳುವುದಿಲ್ಲ. ಹತ್ತರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಒಂದು ಪಾಲಿನವರೆಗೆ ಹಾಳು. ಮಾವ ದುಡ್ಡೇ ಕೊಟ್ಟಿದ್ದರೆ ಫೀಸ್ ಆಗುತ್ತಿತ್ತು.

ಗಂಗಾವತಿ ಸಮಾಜಶಾಸ್ತ್ರ
ಅದೇ ಲೆಕ್ಕದಲ್ಲಿ ಆತ ವಿದ್ಯಾರ್ಥಿಗಳಿಗೆ "ಪ್ರೀತಿಯ ಬೆಲೆ ಬಿಟ್ಟು ಹೇಳಿ" ಅಂತ ಕೇಳಿದ್ದ. ಪ್ರೀತಿಯನ್ನು ತೆಗೆದು ಹಾಕಿ ಉಡುಗೊರೆ ತೂಗಿದರೆ ಹಾಳು ಅಂತಲೇ ಬರುತ್ತದೆ. ಇದನ್ನು ಬಿಟ್ಟು ಬರೀ ಅಂಕಿ ಹೇಳಬೇಡಪ್ಪ.

ಸಿಂಧನೂರು ರೈತ
ದುಡ್ಡು ಕೊಟ್ಟರೆ ಬರೆಯುವುದು ಇನ್ನೂ ಸಲೀಸು.

ರಾಯಚೂರು ವಕೀಲ
ಮತ್ತೆ ಬರೆಯುವುದಕ್ಕೇ ಬಂದಿರಿ. ಬರೆಯುವುದರಿಂದ ಹೆಣ್ಣುಮಕ್ಕಳಿಗೆ ರಕ್ಷಣೆ ಇದೆ ಅನ್ನುವುದನ್ನು ಯಾರೂ ಯೋಚಿಸಲಿಲ್ಲ. ನಾಳೆ ಸಂಸಾರ ಮುರಿದರೆ ಯಾವ ಬಂಗಾರ ಯಾರದು ಅಂತ ಆ ಪಟ್ಟಿಯೇ ಹೇಳುವುದು. ಪಟ್ಟಿ ಇಲ್ಲದೆ ಕೋರ್ಟಿನಲ್ಲಿ ಅಳುವ ತಾಯಂದಿರನ್ನು ನಾನು ನೋಡಿದ್ದೇನೆ.

ಸಿಂಧನೂರು ರೈತ
ನೀವು ಹೇಳುವ ಪಟ್ಟಿಗೆ ವಧು ವರ ಸಹಿ ಹಾಕಬೇಕು ಅಂದಿರಿ. ನಮ್ಮ ಕಡೆ ನೋಟ್‌ಬುಕ್ಕಿಗೆ ಯಾವ ವಧು ಸಹಿ ಹಾಕಿದ್ದಾಳೆ? ಅವಳಿಗೆ ಅದು ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಅದು ಅವಳ ರಕ್ಷಣೆಗೆ ಇಟ್ಟದ್ದಲ್ಲ, ಅವಳ ಅಪ್ಪ ಮುಯ್ಯಿ ತೀರಿಸಲು ಇಟ್ಟದ್ದು.

ರಾಯಚೂರು ವಕೀಲ
ಹಾಗಿದ್ದರೆ ಸಹಿ ಹಾಕಿಸಿ. ಪುಸ್ತಕ ಸುಡಿ ಅನ್ನಬೇಡಿ.

ಸಿಂಧನೂರು ರೈತ
ಸುಡಿ ಅಂತ ಯಾವಾಗ ಅಂದೆ?

ಕುಷ್ಟಗಿ ಅಕ್ಕ
ಗಾಂಧಿನಗರದ ಅಣ್ಣಾ, ಇವರ ಜಗಳ ಇವರದು. ನಾನು ಒಂದು ದಾರಿ ಹೇಳುತ್ತೇನೆ. ಫೋನ್ ವಾಪಸ್ ಕೊಡಬೇಡಿ. ಆ ಮಾವನಿಗೇ ಫೋನ್ ಮಾಡಿ. ಮನೆಯವರು ಮಾಡಲಿ, ನೀವಲ್ಲ. "ಅಣ್ಣಾ, ನೀನು ಕೊಟ್ಟದ್ದು, ನೀನೇ ಅವನಿಗೆ ಕಟ್ಟು ಹಾಕು" ಅನ್ನಲಿ. ಓದುವ ಹೊತ್ತಿನಲ್ಲಿ ಫೋನ್ ಅವ್ವನ ಹತ್ತಿರ ಇರಬೇಕು, ರಾತ್ರಿ ಊಟದ ಮೇಲೆ ಇಷ್ಟು ಹೊತ್ತು ಅಂತ ಮಾವ ಹೇಳಿದರೆ ಹುಡುಗ ಕೇಳುತ್ತಾನೆ. ಅಪ್ಪ ಹೇಳಿದರೆ ಬೈಗುಳ, ಮಾವ ಹೇಳಿದರೆ ಮರ್ಯಾದೆ. ನಮ್ಮ ಮಕ್ಕಳಿಗೆ ಸೋದರಮಾವನ ಮಾತು ಎಷ್ಟು ನಡೆಯುತ್ತದೆ ಅಂತ ನಿಮಗೆ ಗೊತ್ತಿಲ್ಲವಾ? ಕೊಟ್ಟವನಿಗೆ ಅವಮಾನ ಆಗುವುದಿಲ್ಲ, ಜವಾಬ್ದಾರಿ ಬಂತು ಅಂತ ಖುಷಿಯೇ ಆಗುತ್ತದೆ.

ಮಾನ್ವಿ ಮೇಷ್ಟ್ರು
"ಫೋನ್ ಅವ್ವನ ಹತ್ತಿರ ಇರಬೇಕು" ಅಂದಿರಿ. ಅಂದರೆ ಬೇರೆ ಕೋಣೆಯಲ್ಲಿ. ನಾನು ಮೊದಲನೇ ಮಾತಿನಲ್ಲೇ ಹೇಳಿದ್ದು ಅದನ್ನೇ.

ಕುಷ್ಟಗಿ ಅಕ್ಕ
ನೀವು ಹೇಳಿದ್ದು ವಾಪಸ್ ಕೊಡಿ ಅಂತ. ಮೇಲೆ ಹೋಗಿ ಓದಿಕೊಳ್ಳಿ.

ತೋರಣಗಲ್ಲು ಶಿಫ್ಟ್
ಮಾವ ಹೇಳಿದರೆ ಒಂದು ತಿಂಗಳು ನಡೆಯುತ್ತದೆ. ಆಮೇಲೆ ಹುಡುಗ ತಾನೇ ಕಲಿಯಬೇಕು. ದಿನಾ ಒಂದೇ ಜಾಗ, ಒಂದೇ ಹೊತ್ತು, ಒಂದೇ ವಿಷಯ. ಏನು ಓದಬೇಕು ಅಂತ ಕೂರುವ ಮೊದಲೇ ಚೀಟಿಯಲ್ಲಿ ಬರೆದಿಡಲಿ. ಮಧ್ಯೆ ಏನಾದರೂ ನೆನಪಾದರೆ ಫೋನ್ ಎತ್ತುವ ಬದಲು ಅದೇ ಚೀಟಿಯಲ್ಲಿ ಬರೆಯಲಿ. 25 ನಿಮಿಷದಿಂದ ಶುರು ಮಾಡಿ ನಿಧಾನಕ್ಕೆ ಏರಿಸಲಿ. ಪರೀಕ್ಷೆ ಹತ್ತಿರ ಬಂದಾಗ 180 ನಿಮಿಷ ತಾನಾಗಿ ಬರುತ್ತದೆ.

ಮಾನ್ವಿ ಮೇಷ್ಟ್ರು
ತಾನಾಗಿ ಏನೂ ಬರುವುದಿಲ್ಲ.

ಸಿಂಧನೂರು ರೈತ
ಅಕ್ಕ ಹೇಳಿದ ದಾರಿಯಲ್ಲಿ ಓದು ಸರಿಹೋಗಬಹುದು, ಅದು ನನಗೆ ಗೊತ್ತಿಲ್ಲದ ವಿಷಯ. ಆದರೆ ಋಣ ಇನ್ನೂ ಹೆಚ್ಚಾಯಿತು. ಫೋನೂ ಮಾವನದು, ಬುದ್ಧಿಯೂ ಮಾವನದು. ನಾಳೆ ಹುಡುಗ ಡಾಕ್ಟರ್ ಆದರೆ ನಮ್ಮಿಂದಲೇ ಆದ ಅನ್ನುತ್ತಾರೆ. ನಾನು ನಮ್ಮ ಮನೆಯ ಮುಂದಿನ ಮದುವೆಯ ಚೀಟಿಯಲ್ಲಿ ಅಚ್ಚು ಹಾಕಿಸುತ್ತೇನೆ, ಉಡುಗೊರೆ ಬೇಡ, ಆಶೀರ್ವಾದ ಸಾಕು ಅಂತ. ಬಾಗಿಲಲ್ಲಿ ಯಾರನ್ನೂ ಕೂರಿಸುವುದಿಲ್ಲ. ನಮ್ಮ ಮಕ್ಕಳಿಗೆ ಆ ಟ್ರಂಕ್ ಬೇಡ.

ಕುಷ್ಟಗಿ ಅಕ್ಕ
ಹಾಗೆ ಅಚ್ಚು ಹಾಕಿಸಿದ ಮದುವೆಗೂ ನಾನು ಕೈ ಬೀಸಿಕೊಂಡು ಹೋದವಳಲ್ಲ ಅಣ್ಣಾ. ನಮಗೂ ಒಂದು ಚೀಟಿ ಕಳಿಸಿ. ಸೀರೆ, ಖಣ, ಉಡಿಯ ಅಕ್ಕಿ ಎಲ್ಲ ತರುತ್ತೇನೆ, ಹುಡುಗಿಯ ಉಡಿ ತುಂಬಿಯೇ ಹೋಗುತ್ತೇನೆ. ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು, ವಾಪಸ್ ಮಾತ್ರ ಕಳಿಸಬೇಡಿ.